ಸೊಳ್ಳೆ ಹೆಣೆದ ಮಸಿಬಟ್ಟೆ

"ನೂಲಿಗೇ ಚುಚ್ತಾ ಇದೀರಲ್ಲ ಅಳಿಯಂದ್ರೇ," ಎಂದರು ಅತ್ತೆ. "ಅದೇನು ರೋಗಿನಾ? ಕುಣಿಕೆ ಒಳಗೆ ತೂರ್ಸಿ, ಸಾಕು."

ಕಡ್ಡಿಯನ್ನು ಹಿಂದಕ್ಕೆಳೆದು ನೋಡಿದ ಸೊಳ್ಳೆ. ನಿಜವೇ. ದಾರವನ್ನು ನಟ್ಟನಡುವೆ ಸೀಳಿಕೊಂಡು ಕಡ್ಡಿಯ ಮೊನೆ ಆಚೆ ಬಂದಿತ್ತು. ಅವನ ಬಲಗೈ ಹೆಣಿಗೆ ಕಡ್ಡಿಯನ್ನೂ ಸಿರಿಂಜಿನಂತೆಯೇ ಹಿಡಿಯುತ್ತಿತ್ತು. ತುಸು ಓರೆಯಾಗಿ, ಮೆತ್ತಗೆ, ಮೇಲುಮೇಲೆ. ಇಪ್ಪತ್ತು ವರ್ಷದ ಅಭ್ಯಾಸ ಬಿಡು ಎಂದರೆ ಬಿಡುತ್ತದೆಯೇ? ಹೀಗೆ ಸೀಳಿದ ದಾರವೆಲ್ಲ ಮುಂದಿನ ಸಾಲಿನಲ್ಲಿ ಒಂದಿದ್ದದ್ದು ಎರಡು ಕುಣಿಕೆಯಾಗಿ, ಚೌಕವಾಗಬೇಕಿದ್ದ ಬಟ್ಟೆ ಮೇಲೆ ಹೋದಂತೆಲ್ಲ ಸೊಂಟ ಅಗಲಿಸಿಕೊಂಡು ಕೂತಿತ್ತು. ಅತ್ತೆ ಅದನ್ನು ಕಿತ್ತುಕೊಂಡು ಸರಸರನೆ ಬಿಚ್ಚಿ, ದಾರವನ್ನು ಉಂಡೆಗೆ ಸುತ್ತಿ, ಮತ್ತೆ ಮೊದಲ ಸಾಲು ಹಾಕಿಕೊಟ್ಟರು.

ಸೊಳ್ಳೆ ಎಂಬುದು ಆಸ್ಪತ್ರೆಯವರಿಟ್ಟ ಹೆಸರು. ರಕ್ತ ತೆಗೆಯುವ ಕೋಣೆಯ ಕುರ್ಚಿ ಅವನದು. ಕಚ್ಚಿದ್ದು ತಿಳಿಯುವಷ್ಟರಲ್ಲಿ ಕುಡಿದು ಹಾರಿಹೋಗಿರುತ್ತಾನೆ ಎಂದು ಯಾರೋ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡಿತ್ತು. ಹೊರಗೆ ಮುನಿಸಿಕೊಂಡಂತೆ ನಟಿಸಿದರೂ ಬಿರುದು ಸಿಕ್ಕವನಂತೆ ಒಳಗೊಳಗೇ ಉಬ್ಬುತ್ತಿದ್ದ. ಬಲಗೈ ಸೂಜಿ ಹಿಡಿಯುವುದಷ್ಟೇ. ಚರ್ಮದಡಿ ಅಡಗಿ ಕೂತ ನರವನ್ನು ಪತ್ತೆಹಚ್ಚುವುದು ಎಡಗೈಯ ಬೆರಳು. ಕೆಲವು ತಿಂಗಳ ಹಿಂದೆ ಮನೆಯ ಕಿಟಕಿ ಒರೆಸುವಾಗ ಗಾಜು ಒಡೆದು ಎಡ ಮಣಿಕಟ್ಟನ್ನು ಕತ್ತರಿಸಿತು. ಹೊಲಿಗೆ ಬಿತ್ತು, ಗಾಯ ಮಾಯಿತು, ಬೆರಳುಗಳು ಮೊದಲಿನಂತೆ ಆಡಿದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹಿಡಿದ ಜೋಮು ಬಿಡಲಿಲ್ಲ. ಬಲಗೈಗೆ ನರ ಹುಡುಕುವ ವಿದ್ಯೆ ಹೇಳಿಕೊಟ್ಟು ನೋಡಿದ. ಅದಕ್ಕೆ ಎಲ್ಲ ಚರ್ಮವೂ ಒಂದೇ.

ಕೈಗೆ ವ್ಯಾಯಾಮ ಹೇಳಿಕೊಡುವವರು, ಏನಾದರೂ ನಾಜೂಕಿನ ಕೆಲಸ ಮಾಡಿಸಿ, ಹೆಣಿಗೆಯಾದರೂ ಆಗಬಹುದು ಎಂದಿದ್ದರು. ಅತ್ತೆಗೆ ಅಷ್ಟೇ ಸಾಕಾಯಿತು. ದಪ್ಪ ಹತ್ತಿ ದಾರ, ಎರಡು ಕಡ್ಡಿ ತಂದು ಮುಂದಿಟ್ಟರು. ಕಲಿಯುವವರಿಗೆ ಮಸಿಬಟ್ಟೆಗಿಂತ ಸುಲಭದ್ದಿಲ್ಲವಂತೆ. ಹೋಗುವ ಸಾಲು, ಬರುವ ಸಾಲು, ಎರಡೂ ಒಂದೇ. ಸೊಟ್ಟಗಾದರೂ ಬಿಸಿ ಪಾತ್ರೆ ಇಳಿಸಲು ಅಡ್ಡಿಯಿಲ್ಲ.

ಹಿರಿಯ ನರ್ಸ್ ಫೋನ್ ಮಾಡಿದ್ದರು. ಸೋಮವಾರ ಬಂದರೆ ಕುರ್ಚಿ ಅವನದೇ. ಆಗದಿದ್ದರೆ ಸ್ಟೋರಿನಲ್ಲಿ ಬಟ್ಟೆ, ಬಾಟಲಿ ನೋಡಿಕೊಂಡಿರಬಹುದು. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ "ಬರ್ತಾರೆ, ಕುರ್ಚಿಗೇ ಬರ್ತಾರೆ" ಎಂದುಬಿಟ್ಟಿದ್ದಳು. ಇದನ್ನೆಲ್ಲ ಕೇಳಿ ಅವನಿಗೆ ಭಯವಾಗಬೇಕಿತ್ತು. ಆಗಲಿಲ್ಲ. ಬೆರಳಿನ ಜೋಮು ಮೆಲ್ಲಗೆ ಮೇಲೇರಿ ಎದೆಗೂ ಬಂದು ಕೂತಂತಿತ್ತು. ಊಟ ಅಂದರೆ ಊಟ, ನಿದ್ದೆ ಅಂದರೆ ನಿದ್ದೆ, ಹೆಣಿಗೆ ಅಂದರೆ ಹೆಣಿಗೆ.

ಅಂತೂ ಒಂದು ದಿನ ಮಸಿಬಟ್ಟೆ ಮುಗಿಯಿತು. ಒಂದು ಮೂಲೆ ಸ್ವಲ್ಪ ಎಳೆದುಕೊಂಡಿದ್ದರೂ ಚೌಕ ಚೌಕವೇ. ಹೆಂಡತಿ ಅದನ್ನು ಎತ್ತಿ ಹಿಡಿದು ಕುಣಿಯುವುದೊಂದು ಬಾಕಿ.

"ನೋಡಮ್ಮಾ, ಕೈ ಸರಿಹೋಯ್ತು! ಇಷ್ಟು ನಾಜೂಕು ಕೆಲಸ ಮಾಡಿದ ಕೈಗೆ ನರ ಹುಡ್ಕೋದು ಕಷ್ಟನಾ?"

ಅತ್ತೆ ಮಗಳ ಮಾತಿಗೆ ತಲೆಯಾಡಿಸಲಿಲ್ಲ. ಅವರು ದಿನವೂ ಎದುರಿಗೆ ಕೂತು ನೋಡಿದವರು. ಅಳಿಯ ಒಂದು ಕುಣಿಕೆಯಿಂದಲೂ ಕಣ್ಣು ತೆಗೆದಿರಲಿಲ್ಲ. ಆಚೆ ನೋಡಿದರೆ ಸಾಕು, ಕುಣಿಕೆ ಕೆಳಗೆ ಜಾರುತ್ತಿತ್ತು. ಅವನು ಅಷ್ಟನ್ನೂ ಕಣ್ಣಲ್ಲೇ ಹೆಣೆದಿದ್ದ.

ಹೆಂಡತಿ ಒಳಗೆ ಹೋಗಿ ತಟ್ಟೆಯಲ್ಲಿ ಸಿರಿಂಜು, ಹತ್ತಿ, ರಬ್ಬರ್ ಪಟ್ಟಿ ಇಟ್ಟುಕೊಂಡು ಬಂದಳು. "ಅಮ್ಮಂದು ಸಕ್ಕರೆ ಪರೀಕ್ಷೆ ಹೇಗೂ ಆಗ್ಬೇಕಲ್ಲ. ಸೋಮವಾರಕ್ಕೆ ಮುಂಚೆ ಒಂದ್ಸಲ ನೋಡ್ಬಿಡ್ರಿ."

ಅತ್ತೆ ತೋಳು ಚಾಚಿದರು. ಅವರ ನರ ಆಳದಲ್ಲಿತ್ತು, ಕಣ್ಣಿಗೆ ಕಾಣುವಂಥದ್ದಲ್ಲ. ಅವನು ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ಎಡಗೈಯ ತೋರುಬೆರಳಿಟ್ಟ. ಒತ್ತಿದ. ಜರುಗಿಸಿದ. ಯಾರದೋ ಬೆರಳು ಯಾರದೋ ಕೈಯನ್ನು ಮುಟ್ಟುತ್ತಿತ್ತು. ಎಷ್ಟೋ ವರ್ಷದಿಂದ ಚುಚ್ಚಿದ ತೋಳು. ನರ ಎಲ್ಲಿದೆಯೆಂದು ನೆನಪಿನಿಂದಲೇ ಹೇಳಬಲ್ಲ. ಅಂದಾಜಿನ ಮೇಲೆ ಚುಚ್ಚಿದರೆ ಸಿಕ್ಕರೂ ಸಿಕ್ಕೀತು. ಹೆಂಡತಿ ನಗುತ್ತಾಳೆ, ಸೋಮವಾರ ಕುರ್ಚಿಯೂ ಸಿಗುತ್ತದೆ. ಆಮೇಲೆ? ಗುರುತಿಲ್ಲದ ತೋಳುಗಳು ಸಾಲುಗಟ್ಟಿ ಬರುತ್ತವಲ್ಲ.

"ಚುಚ್ಚಿ ಅಳಿಯಂದ್ರೇ, ನಾನೇನು ಅಳಲ್ಲ," ಎಂದರು ಅತ್ತೆ.

ಅವನು ಪಟ್ಟಿ ಬಿಚ್ಚಿದ. "ಸಿಗ್ತಾ ಇಲ್ಲ ಅತ್ತೆ."

"ಇನ್ನೊಂದ್ಸಲ ನೋಡ್ರಿ," ಎಂದಳು ಹೆಂಡತಿ.

"ಸಿಗಲ್ಲ ಕಣೇ. ಸ್ಟೋರಿಗೇ ಬರ್ತೀನಿ ಅಂತ ಹೇಳ್ಬಿಡು."

ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದಾಯಿತು, ಪಾತ್ರೆ ತೊಳೆಯುವ ಸದ್ದು ಮಾತ್ರ ಬರಲಿಲ್ಲ. ಇನ್ನೇನು ದುಃಖ ಒತ್ತರಿಸಿ ಬಂದೀತು ಎಂದು ಅವನು ಕಾದು ಕೂತ. ಅದೂ ಬರಲಿಲ್ಲ.

ಮಾರನೆಯ ದಿನ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನ ಕುರ್ಚಿಯಲ್ಲಿ ಹೊಸ ಹುಡುಗಿ ಕೂತಿದ್ದಳು. ಅವನನ್ನು ಕಂಡು ತಡಬಡಾಯಿಸಿದಳು. "ಸರ್, ನೀವು ಹೀಗೆ ನೋಡ್ತಾ ಇದ್ರೆ ನಂಗೆ ನರ ಸಿಗಲ್ಲ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಸೂಜಿಗೆ ಹೆದರುವವರಿಗೆಲ್ಲ ಅವನೇ ಆ ಗೋಡೆ ತೋರಿಸುತ್ತಿದ್ದ. ಅಲ್ಲಿ ನೋಡಲು ಏನೂ ಇಲ್ಲವೆಂದು ಅವನಿಗೆ ಈಗ ಗೊತ್ತಾಯಿತು. ಬೆನ್ನ ಹಿಂದೆ ಅತ್ತೆ ಒಮ್ಮೆ ಉಸಿರೆಳೆದುಕೊಂಡರು, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. "ಬಂತು, ಬಂತು," ಎಂದಳು ಹುಡುಗಿ.

ಹತ್ತಿ ಇಟ್ಟ ಜಾಗದ ಮೇಲೆ ಅವನು ರೂಢಿಯಂತೆ ಎಡಗೈ ಹೆಬ್ಬೆರಳನ್ನು ಒತ್ತಿ ಹಿಡಿದು, ಅತ್ತೆಯನ್ನು ಮೆಲ್ಲಗೆ ಹೊರಗೆ ನಡೆಸಿಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದ. ಪಕ್ಕದಲ್ಲೇ ಕೂತ. ಹೆಸರು ಕೂಗುತ್ತಿದ್ದರು, ಜನ ಎದ್ದು ಒಳಗೆ ಹೋಗುತ್ತಿದ್ದರು, ತೋಳು ಮಡಚಿಕೊಂಡು ಹೊರಗೆ ಬರುತ್ತಿದ್ದರು.

"ರಕ್ತ ನಿಂತಿರ್ಬೇಕು," ಎಂದರು ಅತ್ತೆ.

"ಇರ್ಲಿ ಅತ್ತೆ, ಇನ್ನೂ ಸ್ವಲ್ಪ ಹೊತ್ತು."

ಅತ್ತೆ ಒಳಗೆ ಹೋಗಿಬರುವವರನ್ನು ನೋಡುತ್ತ ಕೂತರು. ಕೊನೆಗೆ ಅಕ್ಕಪಕ್ಕದವರಿಗೆ ಕೇಳಿಸದಷ್ಟು ಮೆತ್ತಗೆ ಹೇಳಿದರು. "ಅಳಿಯಂದ್ರೇ, ನೋಯ್ತಾ ಇದೆ."

ಅವನು ಬಗ್ಗಿ ನೋಡಿದ. ಹೆಬ್ಬೆರಳು ಊರಿದ್ದ ಜಾಗದ ಸುತ್ತ ಅತ್ತೆಯ ಚರ್ಮ ಬಿಳಿಚಿಕೊಂಡಿತ್ತು.