ಅಕ್ಕನ ಕಿಟಕಿಗೆ ಅಂಟಿಸಿದ ಪಟ್ಟಿ

ಚಳಿಗಾಲಕ್ಕೆ ಮುಂಚೆ ಕಿಟಕಿಯ ಸಂದು ಮುಚ್ಚುವುದು ನಮ್ಮಲ್ಲಿ ಇಬ್ಬರ ಕೆಲಸ. ಎರಡು ಗಾಜುಗಳ ನಡುವೆ ಹತ್ತಿ ತುಂಬಿ, ಸಂದಿನ ಮೇಲೆ ಕಾಗದದ ಪಟ್ಟಿಗಳನ್ನು ಹಿಟ್ಟಿನ ಅಂಟು ಸವರಿ ಅಂಟಿಸಬೇಕು. ಇಲ್ಲದಿದ್ದರೆ ಕೊಟ್ಟಿಗೆ ತುಂಬ ಸೌದೆಯಿದ್ದರೂ ಮಾರ್ಚ್ ತನಕ ಬರುವುದಿಲ್ಲ. ನಾನು ಕತ್ತರಿಸುವವಳು, ಅಕ್ಕ ಕಾಪಾ ಅಂಟಿಸುವವಳು; ನಾನು ಅಂಟಿಸಿದರೆ ಸೊಟ್ಟವೇ. ಮೊದಲು ನನ್ನ ಮನೆ, ಆಮೇಲೆ ಉಂಝಾ ನದಿಯಾಚೆ ಅವಳ ಮನೆ. ಗಂಡಂದಿರು ಇದ್ದಾಗಲೂ ಹೀಗೇ, ಹೋದ ಮೇಲೂ ಹೀಗೇ.

ಆ ವರ್ಷ ಮಾತ್ರ ಹಬ್ಬದ ಊಟದಲ್ಲಿ, ಅಷ್ಟೂ ಹೆಂಗಸರ ಎದುರಿಗೆ, ಕಾಪಾ ನನ್ನತ್ತ ಬೆರಳು ತೋರಿಸಿ ಬಾಯಿ ಬಿಟ್ಟಳು.

“ನಮ್ಮ ಲೂಷಾ ಅಂಟಿಸಿದ ಪಟ್ಟೀನಾ? ಅದ್ರ ಸಂದೀಲಿ ಬೆಕ್ಕು ಓಡಾಡ್ಬೋದು ಕಣ್ರೇ! ಇವಳು ಒಲೆ ಹಚ್ಚೋದು ಬೀದಿ ಬೆಚ್ಚಗಿರ್ಲಿ ಅಂತ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

“ಹಾಗಾದ್ರೆ ಈ ಸಲ ನಿನ್ನ ಕಿಟಕಿ ನೀನೇ ನೋಡ್ಕೋ. ನನ್ನನ್ನ ಕರೀಬೇಡ.”

“ಹೋಗೇ, ನಿನ್ ಕತ್ರಿ ಇಲ್ದಿದ್ರೆ ನನ್ ಮನೆ ಹಾರ್ಹೋಗಲ್ಲ.”

ಅಕ್ಟೋಬರ್ ಕೊನೆಗೆ ದೋಣಿಯ ಪೀಮೆನ್ ಆಚೆ ದಡದಿಂದ ಕಾಪಾಳ ಕಾಗದ ತಂದುಕೊಟ್ಟ. “ಇದೇ ಕೊನೇ ದೋಣಿ ಕಣಮ್ಮ. ಆ ಕಡೆ ಬರೋದಿದ್ರೆ ಈಗ್ಲೇ ಹತ್ತು. ನಾಳೆಯಿಂದ ಹಿಮಗಡ್ಡೆ ತೇಲುತ್ತೆ.”

“ಯಾರೂ ಬರಲ್ಲ,” ಅಂದೆ.

ಕಾಗದ ಓದಲಿಲ್ಲ. ಇನ್ನಷ್ಟು ಚುಚ್ಚುಮಾತು ಇರುತ್ತದೆ ಅಂದುಕೊಂಡೆ. ಆವತ್ತು ಒಬ್ಬಳೇ ನನ್ನ ಕಿಟಕಿಗಳಿಗೆ ಅಂಟಿಸುತ್ತಿದ್ದೆ, ಹಳೇ ಪತ್ರಿಕೆಗಳು ಮುಗಿದವು. ಅವಳ ಕಾಗದದ ಎರಡು ಹಾಳೆ ಒಳ್ಳೇ ದಪ್ಪವಾಗಿದ್ದವು. ಎರಡು ಬೆರಳಗಲಕ್ಕೆ ಕತ್ತರಿಸಿ, ಬರಹ ಮರಕ್ಕೆ ತಾಗುವಂತೆ ಅಂಟಿಸಿಬಿಟ್ಟೆ. ಅವಳ ಬಾಯಿ ಮುಚ್ಚಿಸಿದಷ್ಟು ಖುಷಿಯಾಯಿತು.

ಕಾಪಾ ಬರೆಯುವುದು ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಪೆನ್ಸಿಲಿನಲ್ಲಿ. ಅದು ನೆನಪಾದದ್ದು ಬೆಳಿಗ್ಗೆ. ಅಂಟಿನ ತೇವಕ್ಕೆ ಅಕ್ಷರಗಳು ಕಾಗದದಾಚೆ ಮೂಡಿದ್ದವು, ಎಲ್ಲವೂ ತಿರುಗುಮುರುಗಾಗಿ. ಕೈಗನ್ನಡಿ ಹಿಡಿದು ಓದಿದೆ.

‘...ಮೇಲಿನ ಸಂದಿಗೆ ಏಣಿ ಹತ್ತೋಕೆ ಆಗ್ತಿಲ್ಲ...’

‘...ಕೆಮ್ಮು ಬಿಟ್ಟೇ ಇಲ್ಲ. ಗಾಳಿ ನೇರ ಹಾಸಿಗೆಗೇ...’

‘...ಈ ಸಲ ನೀನೇ ಅಂಟಿಸು. ಸೊಟ್ಟ ಆದ್ರೂ ಪರ್ವಾಗಿಲ್ಲ, ಬಾರೇ...’

ದಡಕ್ಕೆ ಓಡಿದೆ. ಪೀಮೆನ್ ದೋಣಿಯನ್ನು ಮಗುಚಿ ಹಾಕಿಯಾಗಿತ್ತು.

“ಆ ಗಡ್ಡೆಗಳು ದೋಣೀನ ಮೊಟ್ಟೆ ಥರ ಒಡೀತವೆ. ನಿನ್ನೆ ಕರೆದೆನಲ್ಲಮ್ಮ?”

ನದಿ ಗಟ್ಟಿಯಾಗಿ ಹೆಪ್ಪುಗಟ್ಟಲು ಹನ್ನೊಂದು ದಿನ ಬೇಕಾಯಿತು. ಪಟ್ಟಿ ಸೊಟ್ಟಗಿದ್ದರೂ ಅಷ್ಟು ದಿನವೂ ನನ್ನ ಮನೆ ಬೆಚ್ಚಗಿತ್ತು. ಹಾಗೆ ಬೆಚ್ಚಗಿರುವುದೇ ನನಗೆ ಶಿಕ್ಷೆಯಾಗಿತ್ತು.

ಹನ್ನೆರಡನೆಯ ದಿನ ಹಿಟ್ಟು, ಕತ್ತರಿ, ಕಾಗದ ಹಿಡಿದು ನಡೆದೇ ದಾಟಿದೆ. ಅವಳ ಕೈಗೆಟಕುವಷ್ಟು ಎತ್ತರದ ತನಕ ಪಟ್ಟಿಗಳಿದ್ದವು. ಅದರ ಮೇಲೆ ಬರೀ ಸಂದು, ಪರದೆ ಅಲುಗಾಡುತ್ತಿತ್ತು. ಕಾಪಾ ದೊಡ್ಡ ಇಟ್ಟಿಗೆಯೊಲೆಯ ಕಟ್ಟೆಯ ಮೇಲಿನ ಹಾಸಿಗೆಯಲ್ಲಿ ಎರಡು ಕೋಟು ಹೊದ್ದು ಮಲಗಿದ್ದಳು. ಮುಖ ಸೋತಿತ್ತು.

“ಅಂಟು ತಂದ್ಯೇನೇ?” ಅಂದಳು. ಉಸಿರೆಳೆದುಕೊಂಡು, “ನನ್ ಕಾಗದ ಬಂತಾ?”

“ತಡವಾಗಿ ಬಂತು ಕಣಕ್ಕ,” ಅಂದೆ. ಸುಳ್ಳು.

ನಾಲ್ಕೂ ಕಿಟಕಿ ಅಂಟಿಸಿದೆ. ಅವಳು ಮಲಗಿದಲ್ಲಿಂದಲೇ ಯಜಮಾನಿಕೆ ಮಾಡಿದಳು.

“ಎಡಗಡೆ ಸುಕ್ಕು... ಒತ್ತೇ, ಬೆರಳಲ್ಲಿ ಒತ್ತು... ಹ್ಞಾ, ಸರಿಯಾಯ್ತು.”

ಪರದೆ ಅಲುಗಾಡುವುದು ನಿಂತಿತು. “ಈಗ ಬೆಚ್ಚಗಾಯ್ತು,” ಅಂದಳು.

ಮಾರನೆಯ ದಿನ ಮಧ್ಯಾಹ್ನ ಹೋದಳು.

ಜೀವ ಹೊರಗೆ ಹೋಗಲಿ ಅಂತ ನಮ್ಮಲ್ಲಿ ಸಾವಾದಾಗ ಕಿಟಕಿ ತೆರೆಯುತ್ತಾರೆ. ನೆರೆಯ ಹೆಂಗಸರು ನನ್ನ ಮುಖ ನೋಡಿದರು. ತೆರೆಯಬೇಕಾದವಳು ನಾನೇ. ಪಟ್ಟಿಗೆ ಉಗುರು ಹಾಕಿ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಕೊನೆಗೆ ಚಾಕು ತರಿಸಬೇಕಾಯಿತು. ಜೀವಮಾನದಲ್ಲಿ ಮೊದಲ ಸಲ ನಾನು ಚೆನ್ನಾಗಿ ಅಂಟಿಸಿದ್ದೆ.