ಕಂಡಕ್ಟರ್ ಇಲ್ಲದ ಗುರುಗ್ರಹ

ಶ್ರೀಶೈಲಪ್ಪನಿಗೆ ಗುರುಗ್ರಹದ ಮೇಲೆ ಹಳೆಯ ಸಿಟ್ಟಿತ್ತು. ಮಗಳು ಮನಿಷಾಳಿಗೆ ಗುರುಬಲ ಬಂದಿಲ್ಲವೆಂದು ಪಂಚಾಂಗ ನೋಡುವ ಊರ ಐನಾರು ಎರಡು ವರ್ಷ ಅವಳ ಮದುವೆಯನ್ನು ಮುಂದಕ್ಕೆ ತಳ್ಳಿದ್ದರು. ಅಷ್ಟರಲ್ಲಿ ಆಕೆ ತಾನೇ ಒಬ್ಬನನ್ನು ಹುಡುಕಿಕೊಂಡು ಗುರುವಿನ ಹಂಗಿಲ್ಲದೆ ಸುಖವಾಗಿದ್ದಳು. ಯಾರಪ್ಪ ಈ ಗುರು, ಇವನ ಮುಸುಡಿಯನ್ನೊಮ್ಮೆ ನೋಡಿಯೇಬಿಡಬೇಕು ಎಂದು ಶ್ರೀಶೈಲಪ್ಪ ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾದ ವರ್ಷವೇ ದುರ್ಬೀನು ತರಿಸಿದ. ಮಹಾರಾಷ್ಟ್ರದ ಗಡಿಯೂರು ಉಮದಿಯ ತನ್ನ ಮನೆಯ ಮಾಳಿಗೆಯ ಮೇಲೆ ಅದನ್ನು ನಿಲ್ಲಿಸಿದಾಗ ಓಣಿಯ ಜನ ಬೋರ್ ಹೊಡೆಯುವ ಹೊಸ ಮಷಿನ್ ಇರಬೇಕು ಎಂದುಕೊಂಡರು.

ದುರ್ಬೀನಿನ ಜೊತೆಗೆ ಕಾಸೀಂಸಾಬ ಬಂದೇ ಬಂದ. ಜತ್ತ, ಉಮದಿ, ವಿಜಯಪುರ ರೂಟಿನಲ್ಲಿ ಇಪ್ಪತ್ತು ವರ್ಷ ಶ್ರೀಶೈಲಪ್ಪ ಸ್ಟೇರಿಂಗ್ ಹಿಡಿದಿದ್ದರೆ, ಹಿಂದೆ ಟಿಕೆಟ್ ಹರಿದು, ಗಾಡಿ ಬಿಡಲು ಟಣ್ ಟಣ್ ಎಂದು ಗಂಟೆ ಹೊಡೆದವನು ಇವನೇ. ಆಕಾಶವೆಂಬುದು ಒಂದು ಕಡೆ ಸುಮ್ಮನೆ ಕೂರುವ ವಸ್ತುವಲ್ಲ, ಸರಿಯುತ್ತಲೇ ಇರುತ್ತದೆ. ದುರ್ಬೀನಿನ ಸ್ಟ್ಯಾಂಡಿಗೆ ಮೋಟರು ಇತ್ತಾದರೂ ಅದು ಕುಡಿದವನ ಹಾಗೆ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತಿತ್ತು. ಹಾಗಾಗಿ ಕಾಸೀಂಸಾಬ ದುರ್ಬೀನಿನ ಪಕ್ಕಕ್ಕೆ ಗುರಿ ಹಿಡಿಯಲೆಂದು ಕೂರಿಸಿದ್ದ ಚಿಕ್ಕ ನಳಿಗೆಗೆ ಕಣ್ಣು ಹಚ್ಚಿ, "ಎಡಕ್ಕ... ಇನ್ನೊಂದೀಟು... ಹೋಲ್ಡ್!" ಎನ್ನುವುದು, ಶ್ರೀಶೈಲಪ್ಪ ಮೋಟರಿನ ಗುಂಡಿ ಒತ್ತುವುದು. ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗಲೂ ಇದೇ ಪದ್ಧತಿ, ಅಲ್ಲಿ ಸೀಟಿಯೂ ಇರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ಶ್ರೀಶೈಲಪ್ಪ ಸೀಟಿಗೆ ಕಾಯದೆ ರಿವರ್ಸ್ ಹಾಕಿದ್ದ. ಆವತ್ತು ಗುರಪ್ಪನ ಚಹಾದಂಗಡಿಯ ಚಪ್ಪರ, ಬೆಂಚು, ಒಂದು ಬುಟ್ಟಿ ಸಮೋಸಾ ನೆಲ ಕಂಡಿದ್ದವು.

ಗುರು ಕಣ್ಣಿಗೆ ಬಿದ್ದ ಕೂಡಲೇ ಕಾಸೀಂಸಾಬನ ಮೊದಲ ಕೆಲಸ ಎಣಿಕೆ. ಗುರುವಿನ ಆಚೀಚೆ ನಾಲ್ಕು ಚಂದ್ರರು ಚುಕ್ಕಿಯಂತೆ ಕಾಣುತ್ತಾರಲ್ಲ, ಅವರನ್ನು ಬೆರಳು ಮಡಚಿ ಎಣಿಸುವನು. ನಾಲ್ಕೂ ಇದ್ದರೆ, ಬಸ್ಸಿನಲ್ಲಿ ತಲೆ ಎಣಿಕೆ ಸರಿಹೋದಾಗಿನಂತೆ, "ಹಾಂ, ಸೀಟು ಬರೋಬ್ಬರ್" ಎನ್ನುವನು.

ಕ್ಯಾಮೆರಾದ ಹುಚ್ಚು ಹಿಡಿಯುವವರೆಗೆ ಎಲ್ಲ ನೆಟ್ಟಗಿತ್ತು. ಶ್ರೀಶೈಲಪ್ಪನಿಗೆ ಗ್ರಹಗಳ ಫೋಟೋ ಬೇಕು, ನಕ್ಷತ್ರಗಳದೂ ಬೇಕು. ನಕ್ಷತ್ರಗಳ ಫೋಟೋವನ್ನು ಮನಿಷಾ ಕೊಟ್ಟ ಹಳೆಯ ದೊಡ್ಡ ಕ್ಯಾಮೆರಾ ತೆಗೆಯುತ್ತದೆ, ಆದರೆ ಅದು ಐದು ಹತ್ತು ನಿಮಿಷ ಕಣ್ಣು ತೆರೆದಿರುವಷ್ಟು ಹೊತ್ತು ಚಿಕ್ಕ ನಳಿಗೆಯಲ್ಲಿ ಇನ್ನೊಂದು ಕ್ಯಾಮೆರಾ ಕೂತು ಮೋಟರಿಗೆ ದಾರಿ ತೋರಿಸಬೇಕು. ಅದಕ್ಕೆ ಗೈಡಿಂಗ್ ಎನ್ನುತ್ತಾರೆ. ಪುಣೆಯ ದುರ್ಬೀನಿನ ಅಂಗಡಿಯಲ್ಲಿ ಫೋನ್ ಎತ್ತುವ ಸೋನಾಲಿ ಎಂಬ ಹುಡುಗಿ ಗ್ರಹದ ಫೋಟೋ, ಗೈಡಿಂಗ್ ಎರಡೂ ಕೆಲಸಕ್ಕೆ ಒಂದೇ ಪುಟ್ಟ ಕ್ಯಾಮೆರಾ ಸಾಕು ಎಂದಿದ್ದಳು. ಇವನು ಅವಳಿಗೆ ಎಷ್ಟು ಸಲ ಫೋನ್ ಮಾಡಿದ್ದನೆಂದರೆ, ಇವನ ಹೆಂಡತಿ ಇಂದ್ರಾಬಾಯಿಯ ಶುಗರ್ ಎಷ್ಟಿದೆಯೆಂಬುದೂ ಆ ಹುಡುಗಿಗೆ ಬಾಯಿಪಾಠವಾಗಿತ್ತು.

ಜಗಳ ಹುಟ್ಟಿದ್ದು ಬಣ್ಣದಲ್ಲಿ. ಗ್ರಹಕ್ಕೆ ಬಣ್ಣದ ಕ್ಯಾಮೆರಾ ಸುಲಭ. ಗೈಡಿಂಗಿಗೆ ಕಪ್ಪುಬಿಳುಪಿನದು ಚಲೋ, ಅದಕ್ಕೆ ಮಸುಕು ನಕ್ಷತ್ರವೂ ಕಾಣುತ್ತದೆ.

"ಕರಿ-ಬಿಳೀದು ತಗೋ," ಎಂದ ಕಾಸೀಂಸಾಬ. "ದಾರಿ ಕಾಣ್ಲಿಲ್ಲಂದ್ರ ಬಣ್ಣಾ ತಗೊಂಡು ಏನ್ ಮಾಡ್ತಿ?"

"ಗುರು ಅಂದ್ರ ಹಳದಿ. ಐನಾರು ನನ್ನ ಕಡಿಂದ ಹಳದಿ ಅರಿವಿ, ಕಡ್ಲಿಬ್ಯಾಳಿ ಎಲ್ಲಾ ದಾನಾ ಕೊಡಿಸ್ಯಾರ. ಈಗ ಅಂವ ಕರ್ರಗ ಬೆಳ್ಳಗ ಬಂದ್ರ ನಾ ಸುಮ್ಮ ಬಿಡೂದಿಲ್ಲ."

"ಅಲ್ಲೋ, ಒಂದ ಕ್ಯಾಮೆರಾ ಎರಡೂ ಕೆಲಸಾ ಹೆಂಗ ಮಾಡ್ತೈತಿ? ಗಡಿ ಆಚಿ ಕರ್ನಾಟಕದ ಗಾಡಿ ನೋಡೀಯಿಲ್ಲ? ಡ್ರೈವರ ತಾನ ತಿಕೀಟು ಹರೀತಾನ. ಅಂವ ಚಿಲ್ಲರ ಹುಡುಕೂತನಾ ಮಂದಿ ಬೆವರ ಒರಸ್ಕೋತ ಕುಂತಿರ್ತಾರ."

ಇಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡುವ ಜಾಯಮಾನ ಶ್ರೀಶೈಲಪ್ಪನದಲ್ಲ. ಗೆಳೆಯನಿಗೆ ಉಪಕಾರ ಮಾಡುವವನ ಗತ್ತಿನಲ್ಲಿ ಹೇಳಿದ: "ನಿನಗ ಆರಾಮ ಆಕ್ಕೈತಿ ಬಿಡೋ ಮಾರಾಯಾ. ಇನ್ನ ಮ್ಯಾಲ ನಳಿಗಿಗೆ ಕಣ್ಣು ಹಚ್ಚಿ ಕುಂದ್ರೂದ ಬ್ಯಾಡ. ಕಂಪ್ಯೂಟರ ತಾನ ನೋಡ್ತೈತಿ, ತಾನ ಸರಸ್ತೈತಿ. ಮನಷ್ಯಾನ ಬೇಕಾಗಿಲ್ಲ."

ಕಾಸೀಂಸಾಬ ಅರ್ಧ ಕುಡಿದ ಚಹಾದ ಕಪ್ಪನ್ನು ಕೆಳಗಿಟ್ಟ. "ಹಂಗಾದ್ರ ಚಲೋನ ಆತು," ಎಂದು ಮೆಟ್ಟಿಲಿಳಿದು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಬಣ್ಣದಲ್ಲಿ ಸೋತದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ ಎಂದು ಶ್ರೀಶೈಲಪ್ಪ ಲೆಕ್ಕ ಹಾಕಿದ. ಊದಿಸಿಕೊಳ್ಳಲಿ, ಎಂದು ಅದೇ ಹಟದಲ್ಲಿ ಬಣ್ಣದ ಕ್ಯಾಮೆರಾವನ್ನೇ ತರಿಸಿದ. ಅದು ಟಾರ್ಚಿನ ಸೆಲ್ಲಿನಷ್ಟು ದಪ್ಪವಿತ್ತು, ಒಳಗಿನ ಕಣ್ಣು ತೊಗರಿಬೇಳೆಯಷ್ಟು. ಆ ಬೇಳೆಯ ಮೇಲೆ ಗುರುಗ್ರಹವನ್ನು ತಂದು ಕೂರಿಸಬೇಕೆಂಬುದು ಅವನಿಗೆ ಅರ್ಥವಾದದ್ದು ಶಿವರಾತ್ರಿಗೆ ಇನ್ನೊಂದು ವಾರವಿರುವಾಗ, ಹೊತ್ತು ಮುಳುಗಿದ ಮೇಲೆ, ಮಾಳಿಗೆಯಲ್ಲಿ ಒಬ್ಬನೇ ನಿಂತಾಗ.

ಗುರು ನೆತ್ತಿಯ ಹತ್ತಿರ ದೀಪದ ಹಾಗೆ ಹೊಳೆಯುತ್ತಿದ್ದ. ಲ್ಯಾಪ್‌ಟಾಪಿನ ತೆರೆ ಮಾತ್ರ ಕರ್ರಗೆ. ಶ್ರೀಶೈಲಪ್ಪ ಚಿಕ್ಕ ನಳಿಗೆಯಲ್ಲಿ ನೋಡಿ ಗುಂಡಿ ಒತ್ತುವನು, ಲ್ಯಾಪ್‌ಟಾಪಿಗೆ ಓಡುವನು, ಮತ್ತೆ ನಳಿಗೆಗೆ ಬರುವನು. ಅಷ್ಟರಲ್ಲಿ ಗುರು ಜಾಗ ಖಾಲಿ ಮಾಡಿರುವನು. ನಾಲ್ಕು ಸಂಜೆ ಇದೇ ಕವಾಯತು. ಮೊಣಕಾಲು ಹಿಡಿದುಕೊಂಡಿತು.

"ಏನ್ ಬಂತ್ರಿ ಫೋಟೋದಾಗ?" ಎಂದಳು ಇಂದ್ರಾಬಾಯಿ.

"ಆಕಾಶ."

"ಅದು ಮೊದ್ಲ ಪುಕ್ಕಟ ಕಾಣತಿತ್ತಲ್ರಿ?"

ಸೋನಾಲಿಗೆ ಫೋನು ಹೋಯಿತು, ಮಾತೆಲ್ಲ ಮರಾಠಿಯಲ್ಲೇ. "ಎರಡೂ ಮಾಡ್ತೈತಿ ಅಂದಿದ್ದಿಯಲ್ಲವಾ ತಂಗಿ? ಹಂಗಾದ್ರ ದಾರಿ ತಾನ ಯಾಕ ನೋಡ್ಕೋವಲ್ತು?"

"ಕಾಕಾ, ಎರಡೂ ಮಾಡುತ್ತದೆ, ಒಂದು ಸಲಕ್ಕೆ ಒಂದೇ," ಎಂದಳು ಅವಳು, ಚಿಕ್ಕ ಮಗುವಿಗೆ ತಿಳಿಹೇಳುವಂತೆ. "ಚಿಕ್ಕ ನಳಿಗೆಯ ಹತ್ತಿರ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಅವರು ಎಡ, ಬಲ ಹೇಳಲಿ, ನೀವು ತೆರೆಯ ಮುಂದೆ ಕೂತಿರಿ. ಯಾರೂ ಇಲ್ಲವೇ?"

ಶ್ರೀಶೈಲಪ್ಪ ಫೋನು ಕಟ್ ಮಾಡಿದ.

"ಇದ್ದಾರಲ್ರಿ," ಎಂದಳು ಇಂದ್ರಾಬಾಯಿ. "ನೀವ ಕಳಿಸಿ ಕೊಟ್ರಿ."

"ಅಂವ ಬಣ್ಣದ ಸಲುವಾಗಿ ಸಿಟ್ಟಾಗ್ಯಾನ."

"ನಿಮ್ಮ ತಲಿ. ಕಡೀ ಎರಡು ವರ್ಷ ಡಿಪೋದಾವ್ರು ಕಾಸೀಂ ಅಣ್ಣಾರನ್ನ ಗಾಡಿಯಿಂದ ಇಳಿಸಿದ್ರು. ನೀವು ಮಾಳಗಿಯಿಂದ ಇಳಿಸಿದ್ರಿ."

ಕೊನೆಯ ಎರಡು ವರ್ಷ ಶ್ರೀಶೈಲಪ್ಪನಿಗೆ ನಡುವೆ ಎಲ್ಲೂ ನಿಲ್ಲದ, ಕಂಡಕ್ಟರ್ ಇಲ್ಲದ ಗಾಡಿ ಕೊಟ್ಟಿದ್ದರು. ಕಾಸೀಂಸಾಬನನ್ನು ಡಿಪೋದ ಕಿಟಕಿಯ ಹಿಂದೆ ಟಿಕೆಟ್ ಕೊಡಲು ಕೂರಿಸಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತದೆ, ಧೂಳಿಲ್ಲ, ನೂಕುನುಗ್ಗಲಿಲ್ಲ, ಗೆಳೆಯ ಆರಾಮವಾಗಿದ್ದಾನೆ ಎಂದೇ ಶ್ರೀಶೈಲಪ್ಪ ತಿಳಿದಿದ್ದ. ಒಂದು ದಿನ ಆ ಕಿಟಕಿಯಿಂದಲೇ ಕಾಸೀಂಸಾಬ, "ಲೇ ಶೈಲ್ಯಾ, ಹಿಂದ ಯಾರೂ ಗಂಟಿ ಹೊಡ್ಯಾವ್ರಿಲ್ದ ಗಾಡಿ ಹೆಂಗ ಹೋಕ್ಕೈತೋ?" ಎಂದು ಕೇಳಿದ್ದ. "ಭಾಳ ಸಲೀಸ್ ಹೋಕ್ಕೈತಿ," ಎಂದು ಇವನು ನಕ್ಕು ಹೋಗಿದ್ದ. ಆ ನಗೆ ಈಗ ನೆನಪಾಗಿ ಶ್ರೀಶೈಲಪ್ಪನಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಮರುದಿನ ಸಂಜೆ ಮೋಟರ್‌ಸೈಕಲ್ ತೆಗೆದುಕೊಂಡು ಕಾಸೀಂಸಾಬನ ಮನೆಯ ಮುಂದೆ ನಿಂತ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಹಾರ್ನ್ ಹೊಡೆದ. ಒಂದು ಉದ್ದ, ಎರಡು ಗಿಡ್ಡ. ಗಾಡಿ ಬಿಡುವ ಹೊತ್ತಿಗೆ ಕಾಸೀಂಸಾಬ ಗುರಪ್ಪನಲ್ಲಿ ಚಹಾ ಹೀರುತ್ತ ಕೂತಿದ್ದರೆ ಹೊಡೆಯುತ್ತಿದ್ದ ಹಾರ್ನ್ ಅದು.

ಕಾಸೀಂಸಾಬನ ಹೆಂಡತಿ ಬಿಸ್ಮಿಲ್ಲಾ ಹೊರಗೆ ಬಂದಳು. "ಒಳಗ ಬರ್ರಿ ಅಣ್ಣಾರ, ಕುಂದ್ರಿ."

"ಇಲ್ರಿ ವೈನಿ, ಗಾಡಿ ಟೈಮ್ ಆಗೈತಿ."

ಒಳಗಿನಿಂದ ದನಿ ಬಂತು: "ಆ ಗಾಡಿಗೆ ಕಂಡಕ್ಟರ್ ಬೇಕಾಗಿಲ್ಲಂತ. ಹೋಗಂತ ಹೇಳು."

"ರಿವರ್ಸ್ ಹಾಕೂದೈತೋ," ಎಂದು ಶ್ರೀಶೈಲಪ್ಪ ಬಾಗಿಲ ಕಡೆಗೆ ಕೂಗಿದ. "ನೀ ಇಲ್ದ ಒಮ್ಮೆ ಹಾಕೀನಿ, ಗುರಪ್ಪ ಇನ್ನಾ ಸಮೋಸಾ ನೆನಸ್ಕೊಂಡು ಅಳ್ತಾನ." ಶ್ರೀಶೈಲಪ್ಪ ಎಂಜಿನ್ ಬಂದ್ ಮಾಡಿದ. "ಆ ಎರಡು ವರ್ಷ ಸಲೀಸ್ ಹೋಗ್ಲಿಲ್ಲೋ ಕಾಸೀಂ. ನಾ ಸುಳ್ಳ ಹೇಳಿದ್ದೆ. ಹಿಂದ ಹೊಳ್ಳಿ ನೋಡಿದ್ರ ಬಣಬಣ ಅಂತಿತ್ತು."

ಬಹಳ ಹೊತ್ತು ಯಾರೂ ಬರಲಿಲ್ಲ. ಇನ್ನು ಹೊರಡುವುದೇ ಸರಿ ಎಂದು ಅವನು ಕಿಕ್ ಹೊಡೆಯುವಾಗ ಕಾಸೀಂಸಾಬ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದ. ಕೊರಳಲ್ಲಿ ಸೀಟಿ ಇತ್ತು.

"ಇಷ್ಟೊತ್ತು ಇದನ್ನ ಹುಡುಕಾಕತ್ತಿದ್ದೆ," ಎಂದು ಹಿಂದೆ ಹತ್ತಿ ಕೂತ.

ಮಾಳಿಗೆಯ ಮೇಲೆ ಕಾಸೀಂಸಾಬ ನಳಿಗೆಗೆ ಕಣ್ಣು ಹಚ್ಚಿದ. "ಬರ್ಲಿ... ಬರ್ಲಿ... ಬಲಕ್ಕ ಕಟ್... ಬರ್ಲಿ..." ಪುರ್ರ್ ಎಂದು ಸೀಟಿ ಊದಿದ. "ಹೋಲ್ಡ್!" ತೆರೆಯ ಮೇಲೆ ಗುರು ಬಂದು ನಿಂತ, ಅಲುಗಾಡುತ್ತ, ಹೊಟ್ಟೆಗೆ ಎರಡು ಪಟ್ಟಿ ಕಟ್ಟಿಕೊಂಡು. ಎರಡು ವರ್ಷ ಮದುವೆ ತಡೆದ ಮಹಾಶಯ ಇವನೇ. ಬಣ್ಣ ಹಳದಿಯೇ ಇತ್ತು, ಆದರೆ ಜಗಳದಲ್ಲಿ ಗೆದ್ದದ್ದು ಶ್ರೀಶೈಲಪ್ಪನ ನೆನಪಿಗೇ ಬರಲಿಲ್ಲ. ಅವಸರದಲ್ಲಿ ಕೈ ಫೋಟೋದ ಗುಂಡಿಗೆ ಹೋಯಿತು.

"ನಿಲ್ಲು," ಎಂದ ಕಾಸೀಂಸಾಬ, ತೆರೆಗೆ ಬೆರಳು ಹಚ್ಚಿ. "ಒಂದು, ಎರಡು, ಮೂರು. ಒಬ್ಬ ಕಮ್ಮಿ."

"ಮೂರು ಅದಾವಲ್ಲೋ, ಸಾಕು."

"ಎಣಿಕಿ ಆಗೂತನಾ ಗಾಡಿ ಬಿಡಬ್ಯಾಡ."

ಕಾದರು. ಗುರು ಸರಿದಾಗಲೆಲ್ಲ ಕಾಸೀಂಸಾಬ ನಳಿಗೆಯಿಂದ ಎಡ ಬಲ ಹೇಳಿ ಮತ್ತೆ ನಡುವಿಗೆ ತರಿಸಿದ. ಇಂದ್ರಾಬಾಯಿ ಚುರಮರಿ, ಚಹಾ ತಂದಳು. ಇಬ್ಬರನ್ನೂ ನೋಡಿ ಬೇಕಂತಲೇ ಕೇಳಿದಳು: "ಆ ದಾರಿ ತೋರಿಸೂ ಕೆಲಸಾನೂ ಕ್ಯಾಮೆರಾನ ಮಾಡ್ತೈತಿ ಅಂದಿದ್ರಲ್ರಿ?"

"ಮಾಡ್ತೈತಿ," ಎಂದ ಶ್ರೀಶೈಲಪ್ಪ. "ಆದ್ರ ಆ ಸೀಟು ಖಾಲಿ ಇಲ್ಲ."

ಕಾಸೀಂಸಾಬ ನಳಿಗೆಯಿಂದ ಕಣ್ಣು ತೆಗೆಯಲಿಲ್ಲ. ಚಹಾ ಆರಿತು. ಅರ್ಧ ಗಂಟೆಯಾದ ಮೇಲೆ, ತೆರೆಯಲ್ಲಿ ಗುರುವಿನಿಂದ ಸ್ವಲ್ಪ ದೂರದಲ್ಲಿ, ಏನೂ ಇಲ್ಲದ ಕತ್ತಲೆಯಲ್ಲಿ ಸಣ್ಣ ಚುಕ್ಕಿಯೊಂದು ಮೂಡಿ ನಿಧಾನವಾಗಿ ಬೆಳಗಿತು. ಇಷ್ಟು ಹೊತ್ತು ಗುರುವಿನ ನೆರಳಿನಲ್ಲಿ ಅಡಗಿದ್ದ ನಾಲ್ಕನೆಯ ಚಂದ್ರ.

"ಬಾರೋ ಬಾ, ಒಳಗ ಸರಿ," ಎಂದು ಕಾಸೀಂಸಾಬ ಅದಕ್ಕೆ ಹೇಳಿದ. ಆಮೇಲೆ ಚಮಚ ತೆಗೆದುಕೊಂಡು ಚುರಮರಿಯ ತಾಟಿಗೆ ಎರಡು ಸಲ ಹೊಡೆದ, ಟಣ್ ಟಣ್. ಶ್ರೀಶೈಲಪ್ಪ ಗುಂಡಿ ಒತ್ತಿದ.