ಆಂಡಾಳಮ್ಮನ ಮಡಿ

ಮಡಿಯೆಂದರೆ ಆಂಡಾಳಮ್ಮನ ಮಡಿ ಎಂದು ಎನ್.ಆರ್. ಕಾಲೋನಿಯ ಆ ರಸ್ತೆಯವರೆಲ್ಲ ಹೊಗಳುತ್ತಿದ್ದರು. ಹೊಗಳುವವರ ಗಂಟೇನು ಹೋಗಬೇಕು? ನಸುಕಿಗೆ ಬಚ್ಚಲು ಸೇರಿದ ಹೆಂಗಸು ಈಚೆ ಬರುವಾಗ ಏಳೂವರೆ. ಒಣಹಾಕಿದ ಸೀರೆಯ ಹತ್ತಿರ ಕಾಗೆ ಹಾರಿತೆಂದು ಮತ್ತೆ ಒಗೆಯುತ್ತಿದ್ದಳು. ಬೆರಳ ಸಂದುಗಳು ಬಿರಿದು ರಕ್ತ ಒಸರುತ್ತಿತ್ತು. ಪಕ್ಕದ ಮನೆಯ ಶೈಲಜಮ್ಮನಿಗೆ ಅದೂ ಆಚಾರವಂತಿಕೆಯಾಗಿಯೇ ಕಂಡಿತ್ತು.

ಅದು ಭಕ್ತಿಯಲ್ಲ, ಬರೀ ಭಯ ಎಂಬುದು ಗೊತ್ತಿದ್ದದ್ದು ಆಂಡಾಳಮ್ಮನೊಬ್ಬಳಿಗೇ. ಬಿ.ಎಸ್ಸಿ. ಕೊನೆಯ ಪರೀಕ್ಷೆಯ ದಿನ ಮೂರು ಸಲ ಸ್ನಾನ ಮಾಡಿ ಹೋಗಿ ಸೇರುವಷ್ಟರಲ್ಲಿ ಪರೀಕ್ಷಾ ಕೊಠಡಿಯ ಬಾಗಿಲು ಮುಚ್ಚಿತ್ತು. ಓದು ಅಲ್ಲಿಗೇ ಮುಗಿಯಿತು. ತಮಾಷೆ ನೋಡಿ, ಅವಳಿಗೆ ಮದುವೆ ಮಾಡಿಸಿದ್ದೂ ಆ ಭಯವೇ. ಹೆಣ್ಣು ನೋಡಲು ಬಂದಿದ್ದ ಶೀನಣ್ಣನ ತಾಯಿ, ಹುಡುಗಿ ಒಂದೇ ಲೋಟವನ್ನು ಐದು ಸಲ ತೊಳೆದದ್ದು ಕಂಡು ಜಾತಕವನ್ನೂ ಕೇಳದೆ ಒಪ್ಪಿಬಿಟ್ಟಿದ್ದರು.

ತೊಂಬತ್ತಾರರ ಜುಲೈನಲ್ಲಿ ಮಗಳು ಅಕ್ಷಯಾಳ ಶಾಲೆಯಿಂದ ಚೀಟಿ ಬಂತು. ಆರನೇ ಕ್ಲಾಸಿನ ಹುಡುಗಿ ನಲ್ಲಿಯ ಹತ್ತಿರ ಹೋದರೆ ತರಗತಿಗೆ ವಾಪಸಾಗುವುದಿಲ್ಲ, ಎರಡು ಟೆಸ್ಟ್ ತಪ್ಪಿಸಿದ್ದಾಳೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಬರೆದಿತ್ತು. ಆ ಸಂಜೆ ಆಂಡಾಳಮ್ಮ ಬಚ್ಚಲಿನ ಬಾಗಿಲು ತಳ್ಳಿ ನೋಡಿದಳು. ಮಗಳ ಬೆರಳ ಸಂದೂ ಕೆಂಪಾಗಿತ್ತು.

"ಎಷ್ಟು ಹೊತ್ತೇ ತೊಳೆಯೋದು?"

"ಇನ್ನೊಂದ್ಸಲ ಅಮ್ಮ. ಬಿಟ್ರೆ ನೀನು ಸತ್ತೋಗ್ತೀಯ ಅಂತ ತಲೇಲಿ ಬರುತ್ತೆ."

ಆಂಡಾಳಮ್ಮನ ತಲೆಯಲ್ಲಿ ಸಾಯುತ್ತಿದ್ದವನು ಗಂಡ ಶೀನಣ್ಣ. ದಿನಾ ಅವನು ಬಸ್ಸಿಳಿದು ಮನೆ ಸೇರುವವರೆಗೂ ಸಾಯುತ್ತಿದ್ದ. ಅದನ್ನವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಕೊಡದ ಪಾಠವನ್ನು ಈ ಮಗು ಹೇಗೆ ಕಲಿಯಿತು?

"ತಾಯಿಯ ಹಾಗೇ ಮಗಳು, ಅದಕ್ಕೆ ಡಾಕ್ಟ್ರು ಬೇರೆ ಕೇಡು" ಎಂದು ಶೀನಣ್ಣ ನಕ್ಕ. ಅವಳು ನಗಲಿಲ್ಲ. ಮೂರು ದಿನ ಒಂದೇ ಸಮನೆ ಕಾಡಿ, ಚಾಮರಾಜಪೇಟೆಯ ಡಾಕ್ಟರ್ ರುದ್ರಾಣಿಯವರ ಹತ್ತಿರ ಹೊರಡಿಸಿದಳು.

ಡಾಕ್ಟರು ಮಗುವಿನ ಹತ್ತಿರ ಅದೂ ಇದೂ ಮಾತಾಡಿ ಕೊನೆಗೆ ಕೇಳಿದರು: "ಮನೇಲಿ ಬೇರೆ ಯಾರಿಗಾದ್ರೂ ಹೀಗಿದ್ಯಾ? ನಿಜ ಹೇಳಿ. ಚಿಕಿತ್ಸೆಗೆ ಅದು ಗೊತ್ತಾಗ್ಬೇಕು."

"ಯಾರಿಗೂ ಇಲ್ಲ ಡಾಕ್ಟ್ರೇ" ಎಂದ ಶೀನಣ್ಣ. "ನಮ್ಮನೆಯವಳಿಗೆ ಸ್ವಲ್ಪ ಮಡಿ ಜಾಸ್ತಿ, ಅಷ್ಟೆ."

ಡಾಕ್ಟರು ಪೆನ್ನು ಹಿಡಿದು ಆಂಡಾಳಮ್ಮನತ್ತ ನೋಡಿದರು. ಹೇಳಿದರೆ ನಾಳೆ ರಸ್ತೆಯಲ್ಲಿ ಹುಚ್ಚಿ ಎನ್ನುತ್ತಾರೆ. ಅತ್ತೆಯ ಮುಖ ಹೇಗೆ ನೋಡುವುದು? ಹುಚ್ಚಿಯ ಮಗಳೆಂದ ಮೇಲೆ ಅಕ್ಷಯಾಳನ್ನು ಯಾರು ಸೊಸೆಯಾಗಿ ತಂದುಕೊಂಡಾರು? ಹೇಳದಿದ್ದರೆ? ಮುಚ್ಚಿದ ಪರೀಕ್ಷೆಯ ಬಾಗಿಲ ಮುಂದೆ, ಒದ್ದೆ ಕೂದಲಲ್ಲಿ ಮಗಳು ನಿಂತಂತೆ ಕಂಡಿತು.

"ಮಡಿ ಅಲ್ಲ ಡಾಕ್ಟ್ರೇ" ಎಂದಳು. ಧ್ವನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. "ನಂಗೂ ಇದೇನೆ. ಹದಿನೆಂಟು ವರ್ಷ ಆಯ್ತು. ಭಯಕ್ಕೆ ತೊಳೀತೀನಿ."

ಶೀನಣ್ಣ ಹೆಂಡತಿಯ ಕೈಗಳನ್ನೇ ನೋಡುತ್ತ ಕುಳಿತ. ಅಷ್ಟು ವರ್ಷ ಅವುಗಳನ್ನು ನೋಡಿಯೇ ಇರಲಿಲ್ಲವೇನೋ, ಪಾಪ.

ಅಕ್ಷಯಾ ಅಮ್ಮನ ಸೆರಗು ಹಿಡಿದುಕೊಂಡಳು. "ಹಂಗಾದ್ರೆ ನಾನೂ ದೊಡ್ಡೋಳಾದ್ಮೇಲೆ ನಿನ್ ಥರಾನೇ ಆಗ್ತೀನಾ?"

ಆಂಡಾಳಮ್ಮ ಮಗಳ ಕೆಂಪು ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಇಲ್ಲ ಕಣೇ" ಎಂದಳು. "ನನ್ನನ್ನ ಯಾರೂ ಇಲ್ಲಿಗೆ ಕರ್ಕೊಂಡು ಬಂದಿರ್ಲಿಲ್ಲ."